ಟ್ರೇಡ್‌ಮಾರ್ಕ್‌ನ ಸರ್ಕಾರಿ ಪೋರ್ಟಲ್: ಅರ್ಜಿ ಹಾಕುವುದು ಸುಲಭ, ತಪ್ಪು ಅರ್ಜಿ ಹಾಕುವುದು ಇನ್ನೂ ಸುಲಭ

ಸಾಂಬಾರ್ ಪುಡಿ, ಅಗರಬತ್ತಿ, ಕಾಫಿಪುಡಿ, ರೇಷ್ಮೆ ಸೀರೆ, ಏನನ್ನೇ ಆಗಲಿ ಸ್ವಂತ ಹೆಸರು ಹಚ್ಚಿ ಮಾರುವವರು ಒಂದಲ್ಲ ಒಂದು ದಿನ ಐಪಿ ಇಂಡಿಯಾ ತಾಣದ ಬಾಗಿಲಿಗೆ ಬರಬೇಕಾಗುತ್ತದೆ. ಕೇಂದ್ರ ಸರ್ಕಾರದ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಹುಡುಕಾಟ, ಅರ್ಜಿ, ಸ್ಟೇಟಸ್, ಜರ್ನಲ್, ಪ್ರಮಾಣಪತ್ರ ಎಲ್ಲವೂ ಈಗ ಅಲ್ಲಿಯೇ ಸಿಗುತ್ತವೆ. ಈ ವಿಮರ್ಶೆ ಆ ಸೇವೆಯದ್ದು. ಏಜೆಂಟರಿಲ್ಲದೆ ಅದರಲ್ಲಿ ಎಷ್ಟು ದೂರ ಹೋಗಬಹುದು, ಎಲ್ಲಿ ದುಡ್ಡು ಕೊಟ್ಟಾದರೂ ಸಹಾಯ ಪಡೆಯಬೇಕು ಎಂಬ ಲೆಕ್ಕವೂ ಜೊತೆಗಿದೆ.

ತೀರ್ಪು ಮೊದಲೇ ಹೇಳಿಬಿಡೋಣ. ಅರ್ಜಿ ಸ್ವೀಕರಿಸುವ ಕೆಲಸವನ್ನು ಪೋರ್ಟಲ್ ಚೆನ್ನಾಗಿಯೇ ಮಾಡುತ್ತದೆ. ದುಡ್ಡು ಕಟ್ಟಿದ ಕೂಡಲೇ ಅರ್ಜಿ ಸಂಖ್ಯೆ, ರಸೀದಿ ಕೈಗೆ ಬರುತ್ತವೆ. ಆದರೆ ತಪ್ಪು ವರ್ಗ (ಸರಕು-ಸೇವೆಗಳ ಗುಂಪು), ತಪ್ಪು ದಿನಾಂಕ, ಅರ್ಧಂಬರ್ಧ ವಿವರಣೆ ತುಂಬಿದರೂ ಅದು ಅಷ್ಟೇ ನಗುಮುಖದಿಂದ ದುಡ್ಡು ಕಟ್ಟಿಸಿಕೊಂಡು ನಂಬರು ಕೊಡುತ್ತದೆ. ಎಡವಿದ್ದು ತಿಳಿಯುವುದು ರಿಜಿಸ್ಟ್ರಿಯ ಪರೀಕ್ಷಕರು ಅರ್ಜಿ ನೋಡಿ ಕಳಿಸುವ ಪರೀಕ್ಷಾ ವರದಿ ಬಂದಾಗ, ಕೆಲವೊಮ್ಮೆ ಎದುರಾಳಿ ಕೋರ್ಟಿಗೆ ಹೋದಾಗ. ಹಾಗಾಗಿ ಫಾರಂ ತುಂಬುವುದಕ್ಕೆ ಯಾರಿಗೋ ದುಡ್ಡು ಕೊಡುವುದಕ್ಕಿಂತ, ತುಂಬುವುದಕ್ಕೆ ಮುಂಚಿನ ಹುಡುಕಾಟಕ್ಕೆ ಮತ್ತು ವರದಿಗೆ ಕೊಡುವ ಉತ್ತರಕ್ಕೆ ಖರ್ಚು ಮಾಡುವುದು ಬುದ್ಧಿವಂತಿಕೆ.

ಶುಲ್ಕದ ವಿಷಯದಲ್ಲಿ ದೂರುವುದಕ್ಕೇನೂ ಇಲ್ಲ. ನೋಂದಣಿ ಅರ್ಜಿಯಾದ ಫಾರಂ ಟಿಎಂ-ಎ ಆನ್‌ಲೈನ್‌ನಲ್ಲಿ ಹಾಕಿದರೆ ಒಬ್ಬ ವ್ಯಕ್ತಿಗೆ, ಮಾನ್ಯತೆ ಪಡೆದ ಸ್ಟಾರ್ಟಪ್‌ಗೆ, ಸಣ್ಣ ಉದ್ದಿಮೆಗೆ 4,500 ರೂಪಾಯಿ, ಉಳಿದವರಿಗೆ 9,000. ಕಾಗದದಲ್ಲಿ ಕೊಟ್ಟರೆ 5,000 ಮತ್ತು 10,000. ಇದು ಒಂದು ಮುದ್ರೆಗೆ (ಟ್ರೇಡ್‌ಮಾರ್ಕ್‌ಗೆ), ಒಂದು ವರ್ಗಕ್ಕೆ. ಪ್ರೊಪ್ರೈಟರ್ ತಮ್ಮದೇ ಹೆಸರಿನಲ್ಲಿ ಅರ್ಜಿ ಹಾಕಿದರೆ ವ್ಯಕ್ತಿಯ ಲೆಕ್ಕ. ಪಾಲುದಾರಿಕೆ ಸಂಸ್ಥೆ ಅಥವಾ ಪ್ರೈವೇಟ್ ಲಿಮಿಟೆಡ್ ಕಂಪನಿ ಕಡಿಮೆ ಶುಲ್ಕ ಕೇಳಬೇಕಾದರೆ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ಪ್ರಮಾಣಪತ್ರವನ್ನೋ ಸ್ಟಾರ್ಟಪ್ ಮಾನ್ಯತೆಯನ್ನೋ ಲಗತ್ತಿಸಬೇಕು. ಇಲ್ಲದಿದ್ದರೆ ಫಾರ್ಮಾಲಿಟಿ ಪರಿಶೀಲನೆಯಲ್ಲೇ ಅರ್ಜಿ ಮುಗ್ಗರಿಸುತ್ತದೆ. ಉದ್ಯಮ್ ನೋಂದಣಿ ಉಚಿತ. ಮೊದಲು ಅದನ್ನು ಮಾಡಿಸಿಕೊಂಡರೆ ಪ್ರತಿ ವರ್ಗಕ್ಕೂ 4,500 ಉಳಿಯುತ್ತದೆ.

ಪೋರ್ಟಲ್‌ನಲ್ಲಿ ನಿಜಕ್ಕೂ ಬೆಲೆಬಾಳುವ ಭಾಗ ಅದರ ಸಾರ್ವಜನಿಕ ಹುಡುಕಾಟ. ಪುಕ್ಕಟೆ. ಮೂರು ದಾರಿಗಳಿವೆ: ಪದದ ಮೂಲಕ, ಉಚ್ಚಾರಣೆಯ ಮೂಲಕ, ಚಿತ್ರಕ್ಕೆ ಕೊಟ್ಟಿರುವ ವಿಯೆನ್ನಾ ಕೋಡ್ ಮೂಲಕ. ಹೆಚ್ಚಿನವರು ಪದ ಹಾಕಿ, 'ಸ್ಟಾರ್ಟ್ಸ್ ವಿತ್' ಆಯ್ಕೆಯನ್ನು ಹಾಗೇ ಬಿಟ್ಟು, ಏನೂ ಸಿಗಲಿಲ್ಲ ಎಂದು ಖುಷಿಯಾಗಿ ಎದ್ದು ಹೋಗುತ್ತಾರೆ. ಅದು ಹುಡುಕಾಟವೇ ಅಲ್ಲ. 'ಸವಿರುಚಿ' ಥರದ ಒಂದು ಹೆಸರನ್ನೇ ತೆಗೆದುಕೊಳ್ಳಿ. ಇಡೀ ಪದ ಹುಡುಕಿದ ಮೇಲೆ 'ಕಂಟೇನ್ಸ್' ಆಯ್ಕೆಯಲ್ಲಿ 'ಸವಿ' ಬೇರೆ, 'ರುಚಿ' ಬೇರೆ ಹುಡುಕಬೇಕು. ನಡುವೆ ಜಾಗ ಬಿಟ್ಟು, ಬಿಡದೆ ಎರಡೂ ನೋಡಬೇಕು. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ: 'ರು'ಗೆ ಒಬ್ಬರು ಒಂದು ಯು ಹಾಕಿದರೆ ಇನ್ನೊಬ್ಬರು ಎರಡು ಓ ಹಾಕುತ್ತಾರೆ, 'ಚಿ'ಗೆ ಕೊನೆಯಲ್ಲಿ ಐ ಅಥವಾ ಎರಡು ಇ, 'ವಿ'ಗೆ ವಿ ಅಥವಾ ಡಬ್ಲ್ಯೂ. 'ಶ್ರೀ'ಯನ್ನಂತೂ ಎಸ್-ಆರ್-ಐ, ಎಸ್-ಎಚ್-ಆರ್-ಐ, ಎಸ್-ಎಚ್-ಆರ್-ಇ-ಇ ಎಂದು ಕನಿಷ್ಠ ಮೂರು ಥರ ನೋಡಲೇಬೇಕು. ಉಚ್ಚಾರಣೆಯ ಹುಡುಕಾಟ ಇದರಲ್ಲಿ ಸ್ವಲ್ಪ ನೆರವಾಗುತ್ತದೆ, ಆದರೆ ಕನ್ನಡದ ದೀರ್ಘ, ಮಹಾಪ್ರಾಣಗಳ ಮೇಲೆ ಅದಕ್ಕೆ ಹಿಡಿತ ಕಡಿಮೆ; ಒಮ್ಮೆ ಸಂಬಂಧವೇ ಇಲ್ಲದ ನೂರಾರು ಹೆಸರು ಸುರಿಯುತ್ತದೆ, ಇನ್ನೊಮ್ಮೆ ಕಣ್ಣೆದುರಿನ ಹೆಸರನ್ನೇ ಬಿಡುತ್ತದೆ. ಹುಡುಕಾಟ ಒಂದೊಂದೇ ವರ್ಗಕ್ಕೆ ನಡೆಯುವುದರಿಂದ ಪಕ್ಕದ ವರ್ಗಗಳಿಗೂ ಇದನ್ನೇ ಮತ್ತೆ ಮಾಡಬೇಕು. ಬೇಸರದ ಕೆಲಸ, ನಿಜ.

ಸಿಕ್ಕ ಫಲಿತಾಂಶದಲ್ಲಿ ಹೆಸರಿಗಿಂತ ಸ್ಟೇಟಸ್ ಮುಖ್ಯ. 'ಅಬ್ಯಾಂಡನ್ಡ್' (ಕೈಬಿಟ್ಟದ್ದು), 'ರೆಫ್ಯೂಸ್ಡ್' (ನಿರಾಕರಿಸಿದ್ದು) ಎಂದಿದ್ದರೆ ರಿಜಿಸ್ಟ್ರಿ ಮಟ್ಟದಲ್ಲಿ ಸಾಮಾನ್ಯವಾಗಿ ತಲೆನೋವಿಲ್ಲ. 'ಆಬ್ಜೆಕ್ಟೆಡ್' (ರಿಜಿಸ್ಟ್ರಿಯ ತಕರಾರು ಇರುವುದು) ಎಂದರೆ ಸತ್ತುಹೋಗಿದೆ ಎಂದು ಅರ್ಥವಲ್ಲ. ಅದು ಇನ್ನೂ ಜೀವಂತ ಅರ್ಜಿ, ನಿಮಗಿಂತ ಮುಂಚಿನದು, ನಿಮ್ಮ ದಾರಿಗೆ ಅಡ್ಡ ನಿಲ್ಲುತ್ತದೆ. ಮತ್ತೊಂದು ಮಾತು: ಈ ಪಟ್ಟಿಯಲ್ಲಿ ಇಲ್ಲದಿದ್ದರೆ ಹೆಸರು ಖಾಲಿ ಇದೆ ಎಂದಲ್ಲ. ಭಾರತದ ಕಾನೂನಿನಲ್ಲಿ ಮೊದಲು ಬಳಸಿದವರಿಗೆ ಮೊದಲ ಮಣೆ. ತಿರುನೆಲ್ವೇಲಿಯ 'ಇರುಟ್ಟುಕಡೈ ಹಲ್ವಾ' ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿಯೇ ಹೇಳಿತು: ನೋಂದಣಿ ಕೈಯಲ್ಲಿದ್ದರೂ ಅದಕ್ಕೆ ಮುಂಚಿನಿಂದ ಬಳಸುತ್ತಿರುವವರ ಹಕ್ಕೇ ಮೇಲು. ಆದ್ದರಿಂದ ಪೋರ್ಟಲ್ ಮುಚ್ಚಿದ ಮೇಲೆ ಗೂಗಲ್, ಊಟ ತಲುಪಿಸುವ ಆ್ಯಪ್‌ಗಳು, ಆನ್‌ಲೈನ್ ಅಂಗಡಿಗಳು, ಕಂಪನಿ ವ್ಯವಹಾರ ಸಚಿವಾಲಯದ ಹೆಸರು ಹುಡುಕಾಟ ಎಲ್ಲವನ್ನೂ ನೋಡಿ. ಸಗಟು ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿ ಬರುವುದೂ ಹುಡುಕಾಟವೇ.

ಹೆಸರಿನ ಆಯ್ಕೆಯಲ್ಲೇ ಅರ್ಧ ಗೆಲುವು ಇದೆ, ಅಲ್ಲಿ ಪೋರ್ಟಲ್ ಏನೂ ಮಾಡಲಾರದು. 'ತಾಜಾ ಮಸಾಲೆ', 'ಶುದ್ಧ ತುಪ್ಪ' ಥರದವು ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಎದುರು ನಿಲ್ಲುವುದಿಲ್ಲ. ಸರಕಿನ ಗುಣವನ್ನೇ ಹೇಳುವ ಮಾತನ್ನು ಒಬ್ಬರಿಗೆ ಬರೆದುಕೊಡುವುದಿಲ್ಲ. ಉಡುಪಿ, ಮೈಸೂರು, ಮಲೆನಾಡು, ಕೊಡಗು ಎಂದು ಊರಿನ ಹೆಸರು ಇಟ್ಟರೆ ಆ ಭಾಗದ ಮೇಲೆ ಏಕಸ್ವಾಮ್ಯ ಸಿಗುವ ಆಸೆ ಬಿಡಿ. ಧಾರವಾಡ ಪೇಡೆ, ಮೈಸೂರು ರೇಷ್ಮೆ, ಚನ್ನಪಟ್ಟಣದ ಆಟಿಕೆಗಳಂಥವು ಭೌಗೋಳಿಕ ಗುರುತು (ಜಿಐ) ಪಡೆದವು, ಅದರ ದಾರಿಯೇ ಬೇರೆ. ದೇವರ, ಧರ್ಮಗ್ರಂಥದ ಹೆಸರುಗಳ ಮೋಹ ಅಗರಬತ್ತಿ ವ್ಯಾಪಾರದಲ್ಲಿ ಜಾಸ್ತಿ. 'ರಾಮಾಯಣ' ಎಂಬ ಹೆಸರನ್ನು ಊದುಬತ್ತಿಗೆ ಒಬ್ಬರೇ ಕಟ್ಟಿಕೊಳ್ಳುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿಯಾಗಿದೆ. ಒಳ್ಳೆಯ ಮುದ್ರೆ ಎಂದರೆ ಸರಕಿಗೂ ಅದಕ್ಕೂ ನೇರ ಸಂಬಂಧ ಇರಬಾರದು. ಮಾರ್ಕೆಟಿಂಗ್‌ನವರಿಗೆ ಇದು ಇಷ್ಟವಾಗುವುದಿಲ್ಲ, ಅವರಿಗೆ ಹೆಸರಲ್ಲೇ ಎಲ್ಲ ಗೊತ್ತಾಗಬೇಕು. ಆ ಜಗಳವನ್ನು ಪ್ಯಾಕೆಟ್ ಅಚ್ಚಾಗುವ ಮುಂಚೆ ಮುಗಿಸಿಕೊಳ್ಳಿ.

ಇನ್ನು ವರ್ಗ. ಒಟ್ಟು 45, 1ರಿಂದ 34 ಸರಕಿಗೆ, 35ರಿಂದ 45 ಸೇವೆಗೆ. ಅತಿ ಹೆಚ್ಚು ದುಡ್ಡು ವ್ಯರ್ಥವಾಗುವುದು ಇಲ್ಲೇ. ಹೋಟೆಲ್ ನಡೆಸುವವರದ್ದು 43. ಅದೇ ಹೋಟೆಲಿನವರು ಚಟ್ನಿಪುಡಿ, ದೋಸೆ ಹಿಟ್ಟು ಪ್ಯಾಕ್ ಮಾಡಿ ಅಂಗಡಿಗೆ ಕೊಡತೊಡಗಿದರೆ 30 ಬೇಕು. ಉಪ್ಪಿನಕಾಯಿ, ತುಪ್ಪ, ಅಡುಗೆ ಎಣ್ಣೆ, ಆಲೂ ಚಿಪ್ಸ್ 29ಕ್ಕೆ ಹೋಗುತ್ತವೆ. ಕಾಫಿಪುಡಿ, ಜೇನುತುಪ್ಪ, ಮಸಾಲೆ, ಅಕ್ಕಿ 30ಕ್ಕೆ. ಒಂದೇ ಅಡುಗೆಮನೆಯಿಂದ ಹೊರಡುವ ತುಪ್ಪ ಮತ್ತು ಸಾಂಬಾರ್ ಪುಡಿಗೆ ಎರಡು ಶುಲ್ಕ, ಏನೂ ಮಾಡುವ ಹಾಗಿಲ್ಲ. ಅಗರಬತ್ತಿ 3. ರೇಷ್ಮೆ ಬಟ್ಟೆ 24, ಸೀರೆ 25. ಮರದ ಆಟಿಕೆ 28. ಬೇರೆಯವರ ಸರಕು ಮಾರುವ ಅಂಗಡಿ, ಆನ್‌ಲೈನ್ ಮಳಿಗೆ 35. ಹಲವು ವರ್ಗಗಳನ್ನು ಒಂದೇ ಅರ್ಜಿಯಲ್ಲಿ ಸೇರಿಸುವ ಅವಕಾಶವನ್ನು ಪೋರ್ಟಲ್ ಕೊಡುತ್ತದೆ, ಶುಲ್ಕ ಮಾತ್ರ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಒಂದು ವರ್ಗದಲ್ಲಿ ತಕರಾರು ಬಂದರೆ ಉಳಿದವೂ ಅದರ ಜೊತೆ ನಿಲ್ಲುತ್ತವೆ, ಬಿಡಿಸಿಕೊಳ್ಳಲು ಮತ್ತೆ ಅರ್ಜಿ, ಮತ್ತೆ ಶುಲ್ಕ. ವರ್ಗಕ್ಕೊಂದು ಅರ್ಜಿ ಹಾಕುವುದೇ ವಾಸಿ.

ಸರಕಿನ ವಿವರಣೆಯನ್ನೂ ನಿಧಾನವಾಗಿ ಬರೆಯಬೇಕು, ಏಕೆಂದರೆ ಅರ್ಜಿ ಹಾಕಿದ ಮೇಲೆ ಪಟ್ಟಿಯನ್ನು ಕಿರಿದು ಮಾಡಬಹುದೇ ಹೊರತು ಮೊದಲು ಇಲ್ಲದ ಸರಕನ್ನು ಸೇರಿಸುವಂತಿಲ್ಲ. ಮುದ್ರೆಯ ಸ್ವರೂಪವನ್ನೂ ಗಣನೀಯವಾಗಿ ಬದಲಿಸುವಂತಿಲ್ಲ. ಹಾಗೆಂದು ಇಡೀ ವರ್ಗದ ತಲೆಬರಹವನ್ನೇ ಸುರಿದರೆ ಬೇಡದ ಹಳೇ ಮುದ್ರೆಗಳೆಲ್ಲ ಎದುರು ಬರುತ್ತವೆ. ಇದಕ್ಕೆ ನಮ್ಮ ನಾಡಿನದೇ ಉದಾಹರಣೆ 'ನಂದಿನಿ'. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ಹಾಲಿಗೆ ಬಳಸುತ್ತಿರುವ ಹೆಸರು ಅದು. ನಂದಿನಿ ಡೀಲಕ್ಸ್ ಎಂಬ ಬೆಂಗಳೂರಿನ ಹೋಟೆಲ್ 1989ರಿಂದ, ಇಂಗ್ಲಿಷಿನಲ್ಲಿ ಒಂದು ಎಚ್ ಹೆಚ್ಚು ಸೇರಿಸಿ, ತನ್ನ ಆಹಾರಕ್ಕೆ ಬಳಸುತ್ತಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 2018ರ ಜುಲೈಯಲ್ಲಿ ಹೋಟೆಲಿನ ಪರ ತೀರ್ಪಾಯಿತು. ಎರಡೂ ಮುದ್ರೆಗಳ ನೋಟ ಬೇರೆ, ಸರಕು ಬೇರೆ, ಒಂದು ವರ್ಗದ ಕೆಲವು ಸರಕಿಗೆ ನೋಂದಣಿ ಇದ್ದ ಮಾತ್ರಕ್ಕೆ ಇಡೀ ವರ್ಗ ಒಬ್ಬರ ಸ್ವತ್ತಾಗುವುದಿಲ್ಲ ಎಂಬುದು ತೀರ್ಪಿನ ತಿರುಳು. ಹೋಟೆಲಿನವರು ತಮ್ಮ ಪಟ್ಟಿಯಿಂದ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟುಕೊಟ್ಟಿದ್ದು ಅವರಿಗೆ ನೆರವಾಯಿತು. ವಿವರಣೆಯ ಆ ಪುಟ್ಟ ಚೌಕಕ್ಕೆ ಎಷ್ಟು ತೂಕವಿದೆ ಎಂದು ಇದರಿಂದಲೇ ಲೆಕ್ಕ ಹಾಕಿ.

ಪದವೋ ಲೋಗೋವೋ? ಒಂದಕ್ಕೇ ದುಡ್ಡಿದ್ದರೆ ಪದಕ್ಕೆ ಹಾಕಿ. ಯಾವ ವಿನ್ಯಾಸದಲ್ಲಿ ಬರೆದರೂ ರಕ್ಷಣೆ ಇರುತ್ತದೆ. ಲೋಗೋ ಐದು ವರ್ಷಕ್ಕೊಮ್ಮೆ ಬದಲಾಗುವ ಚಾಳಿ ಇರುವ ಕಂಪನಿಗಳಿಗಂತೂ ಇದೇ ಸರಿ. ಲೋಗೋಗೆ ಹಾಕುವುದಾದರೆ ಚಿತ್ರ 8 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲ ಮೀರಬಾರದು. ಬಣ್ಣವನ್ನು ಹಕ್ಕಾಗಿ ಕೇಳದಿದ್ದರೆ ಎಲ್ಲ ಬಣ್ಣಕ್ಕೂ ನೋಂದಣಿಯಾದಂತೆ, ಹಾಗಾಗಿ ಬಣ್ಣವೇ ಗುರುತು ಎನ್ನುವವರನ್ನು ಬಿಟ್ಟು ಉಳಿದವರು ಕಪ್ಪು-ಬಿಳುಪಿನಲ್ಲಿ ಕೊಡಿ. ಕನ್ನಡ ಲಿಪಿ ಇರುವ ಮುದ್ರೆಗೆ ಒಂದು ಹೆಚ್ಚಿನ ಕೆಲಸವಿದೆ: ಪ್ರತಿ ಪದದ ಲಿಪ್ಯಂತರ ಮತ್ತು ಅರ್ಥವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಟ್ಟು, ಭಾಷೆ ಯಾವುದೆಂದು ತಿಳಿಸಬೇಕು. 2017ರ ಟ್ರೇಡ್‌ಮಾರ್ಕ್ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ, ಆದರೂ ಬಿಟ್ಟುಹೋಗುವುದು ಇದೇ. ಲಿಪ್ಯಂತರ ಬರೆಯುವಾಗ ಪ್ಯಾಕೆಟ್ ಮೇಲಿನ ಇಂಗ್ಲಿಷ್ ಕಾಗುಣಿತವನ್ನೇ ಬಳಸಿ. ನಾಳೆ ಬೇರೆಯವರು ಹುಡುಕುವಾಗ ನಿಮ್ಮ ಮುದ್ರೆ ಸಿಗುವುದು ಆ ಕಾಗುಣಿತದಿಂದ. ಪೋರ್ಟಲ್‌ನಲ್ಲಿ ಕನ್ನಡಕ್ಕೆ ಜಾಗವಿಲ್ಲ. ಕನ್ನಡದ ಬಿಲ್ಲು, ಜಾಹೀರಾತು ಸಾಕ್ಷ್ಯವಾಗಿ ಕೊಡುವುದಾದರೆ ಜೊತೆಗೆ ಅನುವಾದ ಇಡಬೇಕು. ರಾಜ್ಯ ಭಾಷೆಯಲ್ಲೇ ವ್ಯಾಪಾರ ಮಾಡುವ ಸಣ್ಣವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟ ಸರ್ಕಾರ ಇದನ್ನೂ ಯೋಚಿಸಬಹುದಿತ್ತು.

ಬಳಕೆಯ ದಿನಾಂಕದ ಅಂಕಣ ಚಿಕ್ಕದು, ಬಲೆ ದೊಡ್ಡದು. ಇನ್ನೂ ಮಾರಾಟ ಶುರುವಾಗಿಲ್ಲದಿದ್ದರೆ 'ಬಳಸಲು ಉದ್ದೇಶಿಸಿದೆ' ಎಂದು ಹಾಕಿ ಮುಂದೆ ಹೋಗಬಹುದು. ಹಿಂದಿನ ದಿನಾಂಕ ಹೇಳಿದರೆ ಅಫಿಡವಿಟ್ ಮತ್ತು ಆಧಾರ ಎರಡನ್ನೂ ಅರ್ಜಿಯ ಜೊತೆಗೇ ಕೊಡಬೇಕು. ಅಂಗಡಿ 2009ರಲ್ಲಿ ಶುರುವಾಯಿತು ಎಂದು 2009 ಹಾಕಿಬಿಡುತ್ತಾರೆ, ಬಿಲ್ಲಿನಲ್ಲಿ ಇರುವುದು ಮಾಲೀಕರ ಹೆಸರು ಮಾತ್ರ. ಜಿಎಸ್‌ಟಿ ಪ್ರಮಾಣಪತ್ರದಲ್ಲೂ ಬ್ರ್ಯಾಂಡ್ ಹೆಸರು ಇರಬೇಕೆಂದಿಲ್ಲ. ಕೆಲಸಕ್ಕೆ ಬರುವುದು ಆ ಮುದ್ರೆಯೇ ಅಚ್ಚಾಗಿರುವ ಕಾಗದ: ಬ್ರ್ಯಾಂಡ್ ಹೆಸರಿರುವ ಇನ್‌ವಾಯ್ಸ್, ಕವರ್ ಅಚ್ಚು ಹಾಕಿದ ಪ್ರೆಸ್ಸಿನ ಬಿಲ್ಲು, ದಿನಾಂಕ ಇರುವ ಪತ್ರಿಕಾ ಜಾಹೀರಾತು. ಇವುಗಳಲ್ಲಿ ಅತಿ ಹಳೆಯದರ ಮೇಲಿನ ದಿನಾಂಕವೇ ನಿಮ್ಮ ಬಳಕೆಯ ದಿನಾಂಕ, ಅದಕ್ಕಿಂತ ಹಿಂದೆ ಹೋಗುವ ಧೈರ್ಯ ಬೇಡ. ಅಪ್ಪನ ಕಾಲದ ಹಳೇ ಪ್ರೆಸ್ ಬಿಲ್ಲು ರದ್ದಿಗೆ ಹೋಗದಂತೆ ನೋಡಿಕೊಳ್ಳಿ.

ಅರ್ಜಿ ಸಲ್ಲಿಸಲು 'ಕ್ಲಾಸ್ 3' ದರ್ಜೆಯ ಡಿಜಿಟಲ್ ಸಿಗ್ನೇಚರ್ (ಕಂಪ್ಯೂಟರಿನಲ್ಲಿ ಹಾಕುವ ಸಹಿ) ಬೇಕು. ಒಂದೇ ಒಂದು ಅರ್ಜಿ ಹಾಕುವವರಿಗೆ ಅದರ ಖರ್ಚು, ಅದನ್ನು ಕಂಪ್ಯೂಟರಿಗೆ ಹೊಂದಿಸುವ ಗೋಳು ಎರಡೂ ಸೇರಿ ಏಜೆಂಟರ ಬಳಿ ಹೋಗುವುದೇ ಸಲೀಸು ಅನ್ನಿಸುತ್ತದೆ. ಹೋಗಿ, ತಪ್ಪೇನಿಲ್ಲ. ಆದರೆ ಸರ್ಕಾರಿ ಶುಲ್ಕದ ರಸೀದಿಯನ್ನೇ ಕೇಳಿ ಪಡೆಯಿರಿ. ಅರ್ಜಿದಾರರ ಅಂಕಣದಲ್ಲಿ ಯಾರ ಹೆಸರಿದೆ ನೋಡಿ. ವ್ಯಾಪಾರ ಕಂಪನಿಯದ್ದು, ಅರ್ಜಿ ಅಣ್ಣನ ಹೆಸರಿನಲ್ಲಿ ಎಂದಾದರೆ ಮನೆ ಪಾಲಾಗುವ ದಿನ ಮುದ್ರೆಯೂ ಪಾಲಾಗುತ್ತದೆ. ಮುಖ್ಯವಾಗಿ, ಯಾವ ಇ-ಮೇಲ್ ವಿಳಾಸ ಕೊಟ್ಟಿದ್ದಾರೆ ಕೇಳಿ. ಪರೀಕ್ಷಾ ವರದಿ ಬರುವುದು ಆ ವಿಳಾಸಕ್ಕೆ. ಉತ್ತರ ಕೊಡಲು ಇರುವುದು ಒಂದೇ ತಿಂಗಳು. ಏಜೆಂಟರ ಸ್ಪ್ಯಾಮ್ ಫೋಲ್ಡರಿನಲ್ಲಿ ಅದು ಕೂತಿದ್ದರೂ ರಿಜಿಸ್ಟ್ರಿಯ ಲೆಕ್ಕದಲ್ಲಿ ನಿಮಗೆ ತಲುಪಿದಂತೆಯೇ; ಉತ್ತರ ಬಾರದಿದ್ದರೆ ಅರ್ಜಿ ಕೈಬಿಟ್ಟಂತೆ ಪರಿಗಣಿಸಬಹುದು. ಕಡಿಮೆ ದರದ ಆನ್‌ಲೈನ್ ಪ್ಯಾಕೇಜುಗಳಲ್ಲಿ ಅನೇಕವು ಅರ್ಜಿ ಹಾಕುವುದಕ್ಕಷ್ಟೇ; ವರದಿಗೆ ಉತ್ತರ, ವಿಚಾರಣೆಗೆ ಹಾಜರಿ ಬೇರೆ ಬಿಲ್ಲು. ಈ ಪ್ರಶ್ನೆಯನ್ನು ದುಡ್ಡು ಕೊಡುವ ಮುಂಚೆ ಕೇಳಿ.

ಹೀಗಾಗಿ ಪೋರ್ಟಲ್‌ನ ಸ್ಟೇಟಸ್ ಪುಟ ನಿಜಕ್ಕೂ ಉಪಕಾರಿ. ಅರ್ಜಿ ಸಂಖ್ಯೆ ಗೊತ್ತಿದ್ದರೆ ಯಾರು ಬೇಕಾದರೂ ನೋಡಬಹುದು, ಸಲ್ಲಿಸಿದ ದಾಖಲೆ, ಬಂದ ವರದಿ ಎಲ್ಲವನ್ನೂ ತೆರೆದು ಓದಬಹುದು. ಎರಡು ವಾರಕ್ಕೊಮ್ಮೆ ಇಣುಕಿದರೆ ಸಾಕು. ಎದುರಾಳಿ ತನ್ನ ಹಳೇ ಅರ್ಜಿಯಲ್ಲಿ ಏನು ವಾದ ಮಾಡಿದ್ದ ಎಂಬುದೂ ಅಲ್ಲೇ ಸಿಗುತ್ತದೆ. ಬಲ್ಲ ವಕೀಲರು ಮೊದಲು ಹುಡುಕುವುದೇ ಅದನ್ನು. 'ನಮ್ಮಿಬ್ಬರ ಹೆಸರು ಬೇರೆ ಬೇರೆ' ಎಂದು ಅಂದು ಬರೆದುಕೊಟ್ಟವರು ಇಂದು ನಿಮ್ಮ ಹೆಸರು ತಮ್ಮದನ್ನೇ ಹೋಲುತ್ತದೆ ಎಂದರೆ ಆ ಕಾಗದ ಉಪಯೋಗಕ್ಕೆ ಬರುತ್ತದೆ.

ವರದಿಯಲ್ಲಿ ಸಾಮಾನ್ಯವಾಗಿ ಬರುವುದು ಎರಡು ತಕರಾರು: 9ನೇ ಕಲಂ, ಅಂದರೆ ಹೆಸರಿಗೆ ತನ್ನದೇ ಗುರುತಿಲ್ಲ, 11ನೇ ಕಲಂ, ಅಂದರೆ ಹಳೇ ಮುದ್ರೆಗೆ ಹೋಲುತ್ತದೆ. ಉತ್ತರಕ್ಕೆ ಶುಲ್ಕವಿಲ್ಲ. 11ಕ್ಕೆ ಉತ್ತರಿಸುವಾಗ ವರದಿಯಲ್ಲಿ ತೋರಿಸಿದ ಪ್ರತಿಯೊಂದು ಮುದ್ರೆಯ ಸ್ಟೇಟಸ್, ಸರಕು, ನೋಟ, ಉಚ್ಚಾರಣೆ ಹಿಡಿದು ಬಿಡಿಬಿಡಿಯಾಗಿ ಉತ್ತರಿಸಬೇಕು. ಅಂತರ್ಜಾಲದಿಂದ ಇಳಿಸಿದ ಸಿದ್ಧ ಒಕ್ಕಣೆಗೆ ಹೆಸರು ಬದಲಿಸಿ ಹಾಕಿದರೆ ನೇರ ವಿಚಾರಣೆಗೆ ಹೋಗುತ್ತದೆ. ಪರೀಕ್ಷಕರು ನೋಡುವುದು ಒಟ್ಟು ಪರಿಣಾಮವನ್ನು: 'ಅಮೃತಧಾರಾ' ಮತ್ತು 'ಲಕ್ಷ್ಮಣಧಾರಾ' ಒಂದನ್ನೊಂದು ಹೋಲುತ್ತವೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1960ರ ದಶಕದಲ್ಲಿ, ಇಂದಿಗೂ ವಾದಗಳಲ್ಲಿ ಅದು ಬರುತ್ತಲೇ ಇರುತ್ತದೆ. ಪೂರ್ವಪದ ಬೇರೆ ಇದೆ ಎಂಬ ಒಂದೇ ವಾದ ನೆಚ್ಚಿಕೊಳ್ಳಬೇಡಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ವಿಚಾರಣೆ ವಿಡಿಯೊ ಮೂಲಕ ನಡೆಯುವುದರಿಂದ ಆ ಕಚೇರಿ ಇರುವ ಗಿಂಡಿಗೆ ಬಸ್ಸು ಹತ್ತುವ ಕಷ್ಟ ತಪ್ಪಿದೆ, ಈ ಸೇವೆಯಲ್ಲಿ ಆಗಿರುವ ದೊಡ್ಡ ಸುಧಾರಣೆ ಇದೇ. ಒಟ್ಟು ಪ್ರಕ್ರಿಯೆಯಲ್ಲಿ ವಕೀಲರ ಶುಲ್ಕ ನ್ಯಾಯವಾಗಿ ಸಲ್ಲುವುದು ಈ ಘಟ್ಟದಲ್ಲಿ.

ಒಪ್ಪಿಗೆಯಾದ ಮುದ್ರೆ ಪ್ರತಿ ಸೋಮವಾರ ಹೊರಬರುವ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಅಂದಿನಿಂದ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು; ಆನ್‌ಲೈನ್ ಶುಲ್ಕ ವರ್ಗಕ್ಕೆ 2,700. ವಿರೋಧದ ನೋಟಿಸ್ ತಲುಪಿದ ಎರಡು ತಿಂಗಳಲ್ಲಿ ಪ್ರತಿಹೇಳಿಕೆ ಸಲ್ಲಿಸದಿದ್ದರೆ ಅರ್ಜಿ ಅಲ್ಲಿಗೆ ಮುಗಿಯಿತು, ಕ್ಷಮೆ ಇಲ್ಲ. ಇದೇ ಜರ್ನಲ್ ನಿಮಗೆ ಕಾವಲಿನ ಸಾಧನವೂ ಹೌದು. ನಿಮ್ಮ ಹೆಸರನ್ನು ಹೋಲುವುದನ್ನು ಇಲ್ಲಿಯೇ ತಡೆದರೆ ಕೋರ್ಟಿನ ಖರ್ಚು ಉಳಿಯುತ್ತದೆ. ಆದರೆ ಭಾರೀ ಗಾತ್ರದ ಪಿಡಿಎಫ್ ಕಡತಗಳನ್ನು ವಾರವಾರ ತೆರೆದು ನೋಡುವುದು ಸಣ್ಣ ವ್ಯಾಪಾರಿಯ ಕೈಲಾಗುವ ಕೆಲಸವಲ್ಲ, ಮುದ್ರೆ ಹೋಲಿಕೆಯಾದರೆ ಎಚ್ಚರಿಸುವ ಉಚಿತ ಇ-ಮೇಲ್ ಒಂದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಪ್ರಕಟಣೆಯ ನಂತರ ವಿದೇಶದ ವಿಳಾಸದಿಂದ 'ಅಂತಾರಾಷ್ಟ್ರೀಯ ದಾಖಲೆಯಲ್ಲಿ ಸೇರಿಸಲು ಇಷ್ಟು ಕಟ್ಟಿ' ಎಂದು ಸರ್ಕಾರಿ ಕಳೆಯ ಪತ್ರ ಬಂದರೆ ಹರಿದು ಹಾಕಿ. ನಿಜವಾದ ಅಂತಾರಾಷ್ಟ್ರೀಯ ದಾರಿ, ಒಂದೇ ಅರ್ಜಿಯಲ್ಲಿ ಹಲವು ದೇಶಗಳಲ್ಲಿ ರಕ್ಷಣೆ ಕೇಳುವ ಮ್ಯಾಡ್ರಿಡ್ ಪ್ರೋಟೊಕಾಲ್ ಎಂಬ ಒಪ್ಪಂದ. ಭಾರತ 2013ರ ಜುಲೈಯಿಂದ ಅದರಲ್ಲಿದೆ, ಅರ್ಜಿ ಇದೇ ರಿಜಿಸ್ಟ್ರಿಯ ಮೂಲಕವೇ ಹೋಗುತ್ತದೆ. ದುಬೈಗೋ ಅಮೆರಿಕಕ್ಕೋ ಸರಕು ಕಳಿಸುವವರು ಆರು ತಿಂಗಳೊಳಗೆ ಹಾಕಿದರೆ ಭಾರತದ ಅರ್ಜಿಯ ದಿನಾಂಕವನ್ನೇ ಅಲ್ಲೂ ಕೇಳಬಹುದು.

ವೃತ್ತದೊಳಗಿನ ಆರ್ ಗುರುತನ್ನು ಪ್ರಮಾಣಪತ್ರ ಬರುವವರೆಗೆ ಪ್ಯಾಕೆಟ್ ಮೇಲೆ ಹಾಕುವಂತಿಲ್ಲ, ಅದು ಕಾಯ್ದೆಗೆ ವಿರುದ್ಧ. ಟಿಎಂ ಎಂದು ಹಾಕಲು ಅಡ್ಡಿಯಿಲ್ಲ. ನೋಂದಣಿ ಪಡೆದು ಐದು ವರ್ಷ ಮೂರು ತಿಂಗಳು ಬಳಸದೆ ಬಿಟ್ಟರೆ ಅದನ್ನು ತೆಗೆಸಿಹಾಕಲು ಬೇರೆಯವರು ಅರ್ಜಿ ಹಾಕಬಹುದು, ಮುಂದೆ ಬೇಕಾದೀತು ಎಂದು ಹತ್ತು ವರ್ಗ ಕಟ್ಟಿಡುವವರು ಇದನ್ನು ಗಮನಿಸಬೇಕು. ಕಂಪನಿ ನೋಂದಣಿ ಬೇರೆ, ಇದು ಬೇರೆ. ಆದರೆ ನಿಮ್ಮ ನೋಂದಾಯಿತ ಮುದ್ರೆಯನ್ನೇ ಹೋಲುವ ಹೆಸರಿನಲ್ಲಿ ಯಾರಾದರೂ ಕಂಪನಿ ತೆರೆದರೆ, ಆ ಹೆಸರು ಬದಲಿಸುವಂತೆ ಕಂಪನಿ ಕಾಯ್ದೆಯ 16ನೇ ಕಲಂ ಅಡಿಯಲ್ಲಿ, ಕಂಪನಿ ತೆರೆದ ಮೂರು ವರ್ಷದೊಳಗೆ ಕೇಳಬಹುದು.

ನವೀಕರಣ ಹತ್ತು ವರ್ಷಕ್ಕೊಮ್ಮೆ, ಆನ್‌ಲೈನ್‌ನಲ್ಲಿ 9,000 ರೂಪಾಯಿ, ಇಲ್ಲಿ ಸಣ್ಣವರಿಗೆ ರಿಯಾಯಿತಿ ಇಲ್ಲ. ಹತ್ತು ವರ್ಷ ಎಣಿಸುವುದು ಪ್ರಮಾಣಪತ್ರದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ. ವಿರೋಧದಲ್ಲಿ ನಾಲ್ಕು ವರ್ಷ ಕಳೆದು ನೋಂದಣಿಯಾದ ಮುದ್ರೆಗೆ ಉಳಿದಿರುವುದು ಆರೇ ವರ್ಷ. ಗಡುವಿಗೆ ಒಂದು ವರ್ಷ ಮುಂಚಿನಿಂದಲೇ ಕಟ್ಟಬಹುದು. ತಪ್ಪಿದರೆ ಆರು ತಿಂಗಳವರೆಗೆ 4,500 ಹೆಚ್ಚುವರಿ ಕಟ್ಟಬೇಕು, ಅದೂ ದಾಟಿದರೆ ಗಡುವಿನಿಂದ ಒಂದು ವರ್ಷದೊಳಗೆ ಪುನಃಸ್ಥಾಪನೆಗೆ ಅರ್ಜಿ. ನೆನಪಿನ ನೋಟಿಸ್ ಹೋಗುವುದು ಹತ್ತು ವರ್ಷದ ಹಿಂದೆ ಕೊಟ್ಟ ವಿಳಾಸಕ್ಕೆ, ಅಂದಿನ ಏಜೆಂಟರ ಇ-ಮೇಲಿಗೆ. ಅಂಗಡಿ ಸ್ಥಳ ಬದಲಿಸಿದ್ದರೆ, ಏಜೆಂಟರನ್ನು ಬಿಟ್ಟಿದ್ದರೆ ಆ ವಿಳಾಸವನ್ನು ಈಗಲೇ ಪೋರ್ಟಲ್‌ನಲ್ಲಿ ತೆರೆದು ನೋಡಿ, ಹಳೆಯದಿದ್ದರೆ ತಿದ್ದುಪಡಿಗೆ ಅರ್ಜಿ ಹಾಕಿ.